ಪ್ಲಾಚಿಮಡದ ಕೋಲಾ ಫ್ಯಾಕ್ಟರಿ: ನಾಲ್ಕು ವರ್ಷ ಓಡಿತು, ಆಮೇಲೆ ಬೀಗ ಬಿತ್ತು

ಹೋದ ವರ್ಷ ನಮ್ಮ ತಾಲ್ಲೂಕಿನ ಒಂದು ಗ್ರಾಮಸಭೆಗೆ ವರದಿ ಮಾಡಲು ಹೋಗಿದ್ದೆ. ಊರ ಹೊರಗಿನ ಏಳೆಂಟು ಎಕರೆಯಲ್ಲಿ ಬಾಟಲಿ ನೀರಿನ ಘಟಕ ಮಾಡುತ್ತೇವೆ, ಪಂಚಾಯಿತಿ ನಿರಾಕ್ಷೇಪಣಾ ಪತ್ರ ಕೊಡಬೇಕು ಅಂತ ಯಾರೋ ಅರ್ಜಿ ಹಾಕಿದ್ದರು. ಐವತ್ತು ಜನಕ್ಕೆ ಕೆಲಸ ಸಿಗುತ್ತೆ, ಪಂಚಾಯಿತಿಗೆ ತೆರಿಗೆ ಬರುತ್ತೆ, ಬಸ್ಸೂ ಬರುತ್ತೆ ಅಂತೆಲ್ಲ ಮಾತು ನಡೀತಿತ್ತು. ಹಿಂದಿನ ಸಾಲಿನಲ್ಲಿ ಕೂತಿದ್ದ ವಯಸ್ಸಾದ ಹೆಂಗಸೊಬ್ಬರು ಎದ್ದು ಒಂದೇ ಪ್ರಶ್ನೆ ಕೇಳಿದರು: 'ನೀರು ಖಾಲಿಯಾದ ಮೇಲೆ ಆ ಕಟ್ಟಡ ಏನ್ ಮಾಡ್ತಾರೆ?'

ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ವರದಿ ಬರೆಯಲು ಕೂತಾಗ, ನಕ್ಕಿದ್ದು ತಪ್ಪಾಯಿತು ಅನ್ನಿಸಿತು. ಯಾಕಂದರೆ ಈ ಪ್ರಶ್ನೆಗೆ ಉತ್ತರ ಗೊತ್ತಿರುವ ಊರು ಒಂದಿದೆ, ಅದೂ ನಮ್ಮ ಪಕ್ಕದ ರಾಜ್ಯದಲ್ಲೇ. ಡಿಪ್ಲೊಮಾ ಓದುವಾಗ ನಮಗೆ ಆ ಊರಿನ ಹೆಸರನ್ನು 'ಜನಚಳವಳಿ' ಅನ್ನುವ ಪಾಠದಲ್ಲಿ ಎರಡು ಸಾಲಲ್ಲಿ ಮುಗಿಸಿದ್ದರು. ಹೋರಾಟದ ಕತೆ ತುಂಬ ಜನ ಬರೆದಿದ್ದಾರೆ. ಕಟ್ಟಡದ ಕತೆ ಅಷ್ಟಾಗಿ ಯಾರೂ ಹೇಳಿಲ್ಲ. ಅದನ್ನೇ ಇಲ್ಲಿ ಹೇಳುತ್ತೇನೆ.

ಊರಿನ ಹೆಸರು ಪ್ಲಾಚಿಮಡ. ಕೇರಳದ ಪಾಲಕ್ಕಾಡ್ ಜಿಲ್ಲೆ, ಚಿತ್ತೂರು ತಾಲ್ಲೂಕು, ಪೆರುಮಾಟ್ಟಿ ಪಂಚಾಯಿತಿ. ಕೇರಳ ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಮಳೆ, ಹಿನ್ನೀರು, ದೋಣಿ ಬರುತ್ತವೆ. ಚಿತ್ತೂರು ಆ ಕೇರಳ ಅಲ್ಲ. ಪಶ್ಚಿಮ ಘಟ್ಟದ ಸಾಲಿನಲ್ಲಿ ಪಾಲಕ್ಕಾಡ್ ಹತ್ತಿರ ದೊಡ್ಡದೊಂದು ಸಂದು ಇದೆ. ಆ ಸಂದಿನ ಪೂರ್ವದ ತುದಿಯಲ್ಲಿ, ತಮಿಳುನಾಡಿನ ಗಡಿಗೆ ಅಂಟಿಕೊಂಡಂತೆ ಇರುವುದು ಈ ತಾಲ್ಲೂಕು. ಉಳಿದ ಕೇರಳಕ್ಕೆ ಹೋಲಿಸಿದರೆ ಮಳೆ ಕಡಿಮೆ. ಆದರೂ ಅಣೆಕಟ್ಟೆ ಕಾಲುವೆ, ತೆರೆದ ಬಾವಿಗಳ ಮೇಲೆ ಭತ್ತ, ತೆಂಗು ಬೆಳೆಯುವ ನಾಡು. ಪ್ಲಾಚಿಮಡದ ಕಾಲೊನಿಗಳಲ್ಲಿ ಇರುವವರು ಹೆಚ್ಚಾಗಿ ಎರವಾಲರ್, ಮಲಸರ್ ಎಂಬ ಆದಿವಾಸಿ ಸಮುದಾಯದವರು, ದಲಿತರು. ಸ್ವಂತ ಜಮೀನು ಇರುವವರು ಬಹಳ ಕಡಿಮೆ. ಬೇರೆಯವರ ಗದ್ದೆಯಲ್ಲಿ ಕೂಲಿ ಮಾಡಿ ಬದುಕುವವರು.

ಅಂಥ ಊರಿಗೆ ಕೋಕಾ ಕೋಲಾ ಬಂದದ್ದು ಹೇಗೆ ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಅಲ್ಲಿ ನಮ್ಮ ಕರ್ನಾಟಕದ ನಂಟೂ ಇದೆ.

1977ರಲ್ಲಿ ತುರ್ತು ಪರಿಸ್ಥಿತಿ ಮುಗಿದು ಜನತಾ ಸರ್ಕಾರ ಬಂತು. ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಕೈಗಾರಿಕಾ ಮಂತ್ರಿ. ವಿದೇಶಿ ಕಂಪನಿಗಳು ಇಲ್ಲಿನ ಘಟಕದಲ್ಲಿ ತಮ್ಮ ಪಾಲು 40 ಪರ್ಸೆಂಟಿಗೆ ಇಳಿಸಬೇಕು ಅನ್ನುವ ಕಾನೂನು 1973ರಲ್ಲೇ ಬಂದಿತ್ತು. ಫರ್ನಾಂಡಿಸ್ ಅದನ್ನು ಕಟ್ಟುನಿಟ್ಟಾಗಿ ಹಿಡಿದರು. ಪಾಲು ಬಿಟ್ಟರೆ ಪಾನೀಯದ ಗುಟ್ಟೂ ಬಿಡಬೇಕಾಗುತ್ತದೆ ಅಂತ ಕೋಕಾ ಕೋಲಾ ದೇಶವನ್ನೇ ಬಿಟ್ಟು ಹೋಯಿತು. ಆ ಜಾಗ ತುಂಬಲು ಸರ್ಕಾರವೇ ಒಂದು ಕೋಲಾ ತಂದಿತು. ಹೆಸರು 'ಡಬಲ್ ಸೆವೆನ್', 77ನೇ ಇಸವಿಯ ನೆನಪಿಗೆ. ಅದರ ರುಚಿಯ ಸೂತ್ರ ತಯಾರಾಗಿದ್ದು ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ, ಬಾಟಲಿಗೆ ತುಂಬಿ ಮಾರಿದ್ದು ಸರ್ಕಾರದ ಬ್ರೆಡ್ ಕಂಪನಿ ಮಾಡರ್ನ್. ಅದು ಹೆಚ್ಚು ದಿನ ಬಾಳಲಿಲ್ಲ. ಥಮ್ಸ್ ಅಪ್, ಕ್ಯಾಂಪಾ ಕೋಲಾ ಮಾರುಕಟ್ಟೆ ಹಿಡಿದುಕೊಂಡವು. ನಮ್ಮ ಅಪ್ಪನ ಕಾಲದವರಿಗೆ ಮದುವೆ ಮನೆಯಲ್ಲಿ ಗೋಲ್ಡ್ ಸ್ಪಾಟ್ ಕೊಟ್ಟರೆ ದೊಡ್ಡ ಮರ್ಯಾದೆ.

1991ರ ಆರ್ಥಿಕ ನೀತಿ ಬದಲಾದ ಮೇಲೆ, 1993ರಲ್ಲಿ ಕೋಕಾ ಕೋಲಾ ವಾಪಸ್ ಬಂತು. ಬರುವಾಗಲೇ ಥಮ್ಸ್ ಅಪ್, ಲಿಮ್ಕಾ, ಗೋಲ್ಡ್ ಸ್ಪಾಟ್ ಹೆಸರುಗಳನ್ನೂ ಕೊಂಡುಕೊಂಡಿತು. ಇನ್ನು ಬೇಕಾಗಿದ್ದು ಬಾಟಲಿ ತುಂಬುವ ಕಾರ್ಖಾನೆಗಳು. ಅವುಗಳಿಗೆ ಬೇಕಾಗಿದ್ದು ಮೂರು: ಅಗ್ಗದ ಜಮೀನು, ಒಳ್ಳೆಯ ರಸ್ತೆ, ನೆಲದಡಿಯಲ್ಲಿ ನೀರು.

1999ರ ಅಕ್ಟೋಬರಿನಲ್ಲಿ ಹಿಂದೂಸ್ತಾನ್ ಕೋಕಾ ಕೋಲಾ ಬೆವರೇಜಸ್ ಕಂಪನಿ ಪೆರುಮಾಟ್ಟಿ ಪಂಚಾಯಿತಿಗೆ ಅರ್ಜಿ ಕೊಟ್ಟಿತು. 2000ದ ಜನವರಿಯಲ್ಲಿ ಪಂಚಾಯಿತಿ ಒಪ್ಪಿತು. ಮಾರ್ಚಿನಲ್ಲಿ ಉತ್ಪಾದನೆ ಶುರು. ಜಾಗ ಸುಮಾರು 34 ಎಕರೆ. ಹಿಂದೆ ಬೆಳೆ ತೆಗೆಯುತ್ತಿದ್ದ ಭೂಮಿ. ಆರು ಬೋರ್‌ವೆಲ್, ಎರಡು ತೆರೆದ ಬಾವಿ. ಪಂಚಾಯಿತಿಯವರು ಇದನ್ನು ಖುಷಿಯಿಂದಲೇ ಒಪ್ಪಿದ್ದರು ಅನ್ನುವುದನ್ನು ಮರೆಯಬಾರದು. ಆಗ ಅಲ್ಲಿ ಆಡಳಿತದಲ್ಲಿ ಇದ್ದದ್ದು ಜನತಾದಳ. ಕೆಲಸ, ತೆರಿಗೆ, ಅಭಿವೃದ್ಧಿ ಅನ್ನುವ ಲೆಕ್ಕ ಅವರದ್ದೂ. ನಮ್ಮ ಗ್ರಾಮಸಭೆಯಲ್ಲಿ ಕೇಳಿದ ಮಾತುಗಳೇ.

ಬಾಟಲಿ ತುಂಬುವ ಕಾರ್ಖಾನೆ ಒಳಗೆ ಏನಾಗುತ್ತೆ ಅಂತ ಸ್ವಲ್ಪ ಹೇಳಬೇಕು. ಪಾನೀಯದ ಮೂಲ ದ್ರಾವಣ ಹೊರಗಿಂದ ಬರುತ್ತದೆ. ಇಲ್ಲಿ ಸೇರುವುದು ನೀರು, ಸಕ್ಕರೆ, ಗ್ಯಾಸು. ಆದರೆ ಬಾಟಲಿಯೊಳಗೆ ಹೋಗುವ ನೀರಿಗಿಂತ ಹೊರಗೆ ಹೋಗುವ ನೀರೇ ಜಾಸ್ತಿ. ಆ ಕಾಲದಲ್ಲಿ ಗಾಜಿನ ಬಾಟಲಿ ಅಂಗಡಿಯಿಂದ ವಾಪಸ್ ಬರುತ್ತಿತ್ತು. ಅದನ್ನು ಕಾಸ್ಟಿಕ್ ಸೋಡಾ ಬೆರೆಸಿದ ಬಿಸಿ ನೀರಿನಲ್ಲಿ ತೊಳೆದು, ಮತ್ತೆ ಮತ್ತೆ ಶುದ್ಧ ನೀರಿನಲ್ಲಿ ಜಾಲಿಸಬೇಕು. ಬೋರಿನ ನೀರಿನ ಗಡಸುತನ ತೆಗೆಯಲು, ಯಂತ್ರ ತಂಪು ಮಾಡಲು, ನೆಲ ತೊಳೆಯಲು ಮತ್ತೆ ನೀರು. ಕೊನೆಗೆ ಕೊಳಚೆ ಶುದ್ಧೀಕರಿಸುವ ತೊಟ್ಟಿಯಲ್ಲಿ ಕೆಸರು ಉಳಿಯುತ್ತದೆ. ಆ ಕೆಸರಿನ ವಿಷಯ ಮುಂದೆ ಬರುತ್ತೆ, ನೆನಪಿಟ್ಟುಕೊಳ್ಳಿ.

ದಿನಕ್ಕೆ ಎಷ್ಟು ನೀರು ಎತ್ತುತ್ತಿದ್ದರು? ಕಂಪನಿಯ ಲೆಕ್ಕ ಸುಮಾರು 5 ಲಕ್ಷ ಲೀಟರ್. ಹೋರಾಟಗಾರರ ಲೆಕ್ಕ 15 ಲಕ್ಷದವರೆಗೆ. ಜಗಳ ಬೇಡ, ಕಂಪನಿಯ ಲೆಕ್ಕವನ್ನೇ ಹಿಡಿಯೋಣ. 5 ಲಕ್ಷ ಲೀಟರ್ ಅಂದರೆ ಬೇಸಿಗೆಯಲ್ಲಿ ನಮ್ಮ ಊರಿಗೆ ಬರುವ 5,000 ಲೀಟರಿನ ಟ್ಯಾಂಕರ್ ಇದೆಯಲ್ಲ, ಅಂಥವು 100. ದಿನಾ. ಈಗ ಮನೆಮನೆಗೆ ನಲ್ಲಿ ಕೊಡುವ ಜಲಜೀವನ ಯೋಜನೆಯಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಅಂತ ಲೆಕ್ಕ. ಆ ಪ್ರಕಾರ ಇದು 9,000 ಜನರ ದಿನದ ನೀರು.

ಆರು ತಿಂಗಳು, ವರ್ಷ ಕಳೆಯುವಷ್ಟರಲ್ಲಿ ಕಾಲೊನಿಯ ಬಾವಿಗಳಲ್ಲಿ ವ್ಯತ್ಯಾಸ ಕಾಣಿಸಿತು. ಕೆಲವು ಇಳಿದವು. ಇಳಿಯದವುಗಳ ನೀರು ಕೆಟ್ಟಿತು. ಇದನ್ನು ಮೊದಲು ಕಂಡುಹಿಡಿದದ್ದು ಯಾವ ಪ್ರಯೋಗಾಲಯವೂ ಅಲ್ಲ, ಅಡುಗೆ ಮನೆ. ಅನ್ನದ ರುಚಿ ಕೆಟ್ಟಿತು, ಮಾಡಿಟ್ಟ ಅನ್ನ ಬೇಗ ಹಳಸಿತು. ಬೇಳೆ ಬೇಯಲಿಲ್ಲ. ಸ್ನಾನ ಮಾಡಿದರೆ ಮೈ ಕೆರೆತ, ಕಣ್ಣುರಿ. ಬೋರ್‌ವೆಲ್ ನೀರು ಕುಡಿಯುವ ನಮ್ಮ ಬಯಲುಸೀಮೆಯ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚಾದರೆ ಬೇಳೆಯ ಸಿಪ್ಪೆ ಗಟ್ಟಿಯಾಗುತ್ತೆ, ಸೋಪು ನೊರೆ ಬರಲ್ಲ. ಆಮೇಲೆ ಪರೀಕ್ಷೆಗಳೂ ಅದನ್ನೇ ಹೇಳಿದವು. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದವರೇ 2003ರಲ್ಲಿ ಬಾವಿ ನೀರು ಕುಡಿಯಲು ಯೋಗ್ಯವಲ್ಲ ಅಂದರು.

ಹೆಂಗಸರು ದೂರದಿಂದ ಕೊಡ ಹೊರಲು ಶುರು ಮಾಡಿದರು. ಕೂಲಿಗೆ ಹೋಗುವ ಹೊತ್ತು ನೀರಿಗೆ ಹೋಯಿತು. ಕೂಲಿಯೂ ಹೋಯಿತು.

2002ರ ಏಪ್ರಿಲ್ 22ರಂದು ಫ್ಯಾಕ್ಟರಿ ಗೇಟಿನ ಎದುರು ಚಪ್ಪರ ಹಾಕಿ ಧರಣಿ ಕೂತರು. ಉದ್ಘಾಟನೆ ಮಾಡಿದ್ದು ವಯನಾಡಿನ ಆದಿವಾಸಿ ನಾಯಕಿ ಸಿ.ಕೆ. ಜಾನು. ಮುಂದೆ ನಿಂತವರಲ್ಲಿ ಎಲ್ಲರಿಗೂ ಗೊತ್ತಾದ ಹೆಸರು ಮಯಿಲಮ್ಮ. ಎರವಾಲರ್ ಸಮುದಾಯದ ಹೆಂಗಸು, ಗಂಡ ತೀರಿಹೋಗಿದ್ದ ತಾಯಿ, ಕೂಲಿ ಮಾಡುತ್ತಿದ್ದವರು, ಓದು ಬರಹ ಇಲ್ಲದವರು. ಫ್ಯಾಕ್ಟರಿಯ ಪಕ್ಕದ ಕಾಲೊನಿಯವರು. ತಮ್ಮ ಬಾವಿ ನೀರಿನ ಬಗ್ಗೆ ಅವರಷ್ಟು ಗಟ್ಟಿಯಾಗಿ ಮಾತಾಡಿದವರು ಯಾರೂ ಇರಲಿಲ್ಲ.

ದೊಡ್ಡ ಪಕ್ಷಗಳು ಮೊದಮೊದಲು ಈ ಕಡೆ ಬರಲಿಲ್ಲ. ಫ್ಯಾಕ್ಟರಿಯಲ್ಲಿ ಕೆಲವು ನೂರು ಜನ ಕೆಲಸಕ್ಕಿದ್ದರು, ಯೂನಿಯನ್‌ಗಳಿದ್ದವು, ಆ ಯೂನಿಯನ್‌ಗಳು ಅದೇ ಪಕ್ಷಗಳವು. ಕೆಲಸ ಉಳಿಸಿ ಅಂತ ಕಾರ್ಮಿಕರೂ ಬೀದಿಗಿಳಿದರು. ಅವರನ್ನು ದೂರಿ ಬರೆಯುವುದು ನನಗಿಷ್ಟವಿಲ್ಲ. ಹೊಟ್ಟೆಪಾಡು ಎರಡೂ ಕಡೆ ಇತ್ತು. ಒಬ್ಬರಿಗೆ ಗೇಟು ತೆರೆದರೆ ಬದುಕು, ಇನ್ನೊಬ್ಬರಿಗೆ ಮುಚ್ಚಿದರೆ.

ಪಂಚಾಯಿತಿ ಮನಸ್ಸು ಬದಲಿಸಿದ್ದು ಒಂದು ವರ್ಷ ಕಳೆದ ಮೇಲೆ. 2003ರ ಏಪ್ರಿಲ್ 7ರಂದು, ಅಧ್ಯಕ್ಷ ಎ. ಕೃಷ್ಣನ್ ಅವರ ಪಂಚಾಯಿತಿ ಲೈಸೆನ್ಸ್ ನವೀಕರಿಸುವುದಿಲ್ಲ ಅಂತ ತೀರ್ಮಾನ ಮಾಡಿತು. ಮೂರು ವರ್ಷದ ಹಿಂದೆ ತಾನೇ ಕೊಟ್ಟಿದ್ದ ಲೈಸೆನ್ಸು. ಒಂದು ಗ್ರಾಮ ಪಂಚಾಯಿತಿ, ಜಗತ್ತಿನ ಅತಿ ದೊಡ್ಡ ಕಂಪನಿಗಳಲ್ಲಿ ಒಂದಕ್ಕೆ ಆಗೋದಿಲ್ಲ ಅಂದಿತು. ನಮ್ಮಲ್ಲಿ ಪಂಚಾಯಿತಿ ಅಂದರೆ ನರೇಗಾ ಬಿಲ್ಲು, ಬೀದಿ ದೀಪ ಅಂತಷ್ಟೇ ತಿಳಿದವರು ಈ ತಾರೀಖನ್ನು ಬರೆದಿಟ್ಟುಕೊಳ್ಳಬೇಕು.

ಅದೇ ವರ್ಷ ಜುಲೈನಲ್ಲಿ ಕೆಸರಿನ ಕತೆ ಹೊರಬಿತ್ತು. ಫ್ಯಾಕ್ಟರಿಯಿಂದ ಬಂದ ಕೆಸರನ್ನು ಸುತ್ತಲಿನ ರೈತರಿಗೆ ಗೊಬ್ಬರ ಅಂತ ಕೊಡುತ್ತಿದ್ದರು. ಬಿಬಿಸಿ ರೇಡಿಯೋದ ಒಂದು ಕಾರ್ಯಕ್ರಮದವರು ಆ ಕೆಸರಿನ ಮಾದರಿ ತೆಗೆದುಕೊಂಡು ಹೋಗಿ ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದಲ್ಲಿ ಪರೀಕ್ಷೆ ಮಾಡಿಸಿದರು. ಅದರಲ್ಲಿ ಸೀಸ, ಕ್ಯಾಡ್ಮಿಯಂ ಇತ್ತು. ಕ್ಯಾಡ್ಮಿಯಂ ಕಿಡ್ನಿಗೆ ಹೊಡೆಯುತ್ತದೆ, ಸೀಸ ಮಕ್ಕಳ ಮೆದುಳಿಗೆ. ಕೆಸರು ಅಪಾಯಕಾರಿ ಅಲ್ಲ, ಬಾವಿ ಇಳಿಯಲು ಮಳೆ ಕಡಿಮೆಯಾದದ್ದೇ ಕಾರಣ ಅನ್ನುವುದು ಕಂಪನಿಯ ವಾದ. ಮಳೆ ಆ ವರ್ಷಗಳಲ್ಲಿ ಕಡಿಮೆಯಿತ್ತು ಅನ್ನುವುದು ನಿಜವೇ. ಆದರೆ ಮಳೆ ಕಡಿಮೆಯಾದ ವರ್ಷ ಸಾಮಾನ್ಯ ರೈತನ ಬಾವಿ ತಾನಾಗಿ ಕಡಿಮೆ ನೀರು ಕೊಡುತ್ತೆ, ಅವನು ಕಡಿಮೆ ಬೆಳೆ ಇಡುತ್ತಾನೆ. ಫ್ಯಾಕ್ಟರಿಯ ಬಾಟಲಿ ಸಾಲಿಗೆ ಬರಗಾಲ ಗೊತ್ತಾಗುವುದಿಲ್ಲ.

ಇನ್ನು ಕೋರ್ಟು. ಇದು ಸ್ವಲ್ಪ ಒಣ ವಿಷಯ, ಆದರೆ ಜಮೀನಿರುವ ಪ್ರತಿಯೊಬ್ಬರಿಗೂ ಸಂಬಂಧಿಸಿದ್ದು, ಬಿಡದೆ ಓದಿ.

ನಿಮ್ಮ ಹೊಲದಲ್ಲಿ ಬೋರ್ ಕೊರೆದರೆ ಬರುವ ನೀರು ಯಾರದ್ದು? ನಮ್ಮದೇ ಅನ್ನುತ್ತೀರಿ. ಬ್ರಿಟಿಷರ ಕಾಲದ 1882ರ ಈಸ್‌ಮೆಂಟ್ ಕಾಯ್ದೆಯೂ ಹೆಚ್ಚುಕಡಿಮೆ ಹಾಗೇ ಹೇಳುತ್ತದೆ. ಜಮೀನಿನ ಮಾಲೀಕ ತನ್ನ ನೆಲದಡಿಯ ನೀರನ್ನು ತೆಗೆದು ಬಳಸಬಹುದು. ಆ ಕಾಯ್ದೆ ಬರೆದಾಗ ನೀರೆತ್ತಲು ಇದ್ದದ್ದು ಏತ, ಕಪಿಲೆ. ಸಬ್‌ಮರ್ಸಿಬಲ್ ಪಂಪು ಯಾರ ಕನಸಿನಲ್ಲೂ ಇರಲಿಲ್ಲ. 34 ಎಕರೆಯ ಮಾಲೀಕನಾದ ಕಂಪನಿ ಹಿಡಿದದ್ದು ಇದೇ ಹಕ್ಕನ್ನು.

2003ರ ಡಿಸೆಂಬರ್ 16ರಂದು ಕೇರಳ ಹೈಕೋರ್ಟಿನ ನ್ಯಾಯಮೂರ್ತಿ ಕೆ. ಬಾಲಕೃಷ್ಣನ್ ನಾಯರ್ ಕೊಟ್ಟ ತೀರ್ಪು ಆ ಹಳೆ ಮಾತನ್ನು ತಿರುಗಿಸಿತು. ನೆಲದಡಿಯ ನೀರು ಎಲ್ಲ ಜನರ ಸೊತ್ತು, ಸರ್ಕಾರ ಅದರ ಕಾವಲುಗಾರ ಮಾತ್ರ, ಒಬ್ಬ ಮಾಲೀಕ ಮಿತಿಮೀರಿ ಎತ್ತಲು ಬಿಡಬಾರದು ಅಂದರು. ಕಂಪನಿ ತನ್ನ 34 ಎಕರೆಯಲ್ಲಿ ಬೆಳೆ ಬೆಳೆದಿದ್ದರೆ ಎಷ್ಟು ನೀರು ಬಳಸುತ್ತಿತ್ತೋ ಅಷ್ಟು ತೆಗೆಯಬಹುದು, ಉಳಿದದ್ದಕ್ಕೆ ಬೇರೆ ದಾರಿ ನೋಡಿಕೊಳ್ಳಬೇಕು, ಅದಕ್ಕೆ ಒಂದು ತಿಂಗಳು ಗಡುವು. ನೀರಿಗೆ ಸರ್ವೆ ನಂಬರ್ ಇಲ್ಲ ಅಂತ ನಮ್ಮ ಊರ ಹಿರಿಯರು ಹೇಳುವುದನ್ನು ನ್ಯಾಯಮೂರ್ತಿಗಳು ಕಾನೂನಿನ ಭಾಷೆಯಲ್ಲಿ ಹೇಳಿದ್ದರು ಅಷ್ಟೆ.

2004ರ ಜನವರಿಯಲ್ಲಿ ಪ್ಲಾಚಿಮಡದಲ್ಲಿ ವಿಶ್ವ ಜಲ ಸಮ್ಮೇಳನ ನಡೆಯಿತು. ಕೆನಡಾದ ಮಾಡ್ ಬಾರ್ಲೋ, ಫ್ರಾನ್ಸಿನ ರೈತ ನಾಯಕ ಜೋಸೆ ಬೋವೆ, ನಮ್ಮ ವಂದನಾ ಶಿವ ಬಂದರು. ಮಲಯಾಳದ ದೊಡ್ಡ ಪತ್ರಿಕೆ ಮಾತೃಭೂಮಿಯ ಎಂ.ಪಿ. ವೀರೇಂದ್ರಕುಮಾರ್ ಜೊತೆಗೆ ನಿಂತರು. ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಬರದ ಕಾರಣ ಕೊಟ್ಟು, ಮಳೆಗಾಲದ ತನಕ ನೆಲದಡಿಯ ನೀರು ಎತ್ತಬಾರದು ಅಂತ ಆದೇಶಿಸಿತು. ಮಾರ್ಚಿನಲ್ಲಿ ಫ್ಯಾಕ್ಟರಿ ನಿಂತಿತು. 2000 ಮಾರ್ಚ್‌ನಿಂದ 2004 ಮಾರ್ಚ್. ನಾಲ್ಕೇ ವರ್ಷ.

ಇಲ್ಲಿಗೆ ಗೆದ್ದಾಯಿತು ಅಂತ ಬಹಳ ಜನ ಕತೆ ಮುಗಿಸುತ್ತಾರೆ. ಕಟ್ಟಡದ ಕತೆ ಶುರುವಾಗುವುದೇ ಇಲ್ಲಿಂದ.

2005ರ ಏಪ್ರಿಲಿನಲ್ಲಿ ಅದೇ ಹೈಕೋರ್ಟಿನ ವಿಭಾಗೀಯ ಪೀಠ ಮೊದಲಿನ ತೀರ್ಪನ್ನು ಉಲ್ಟಾ ಮಾಡಿತು. ಕೋಳಿಕ್ಕೋಡಿನ ಜಲ ಸಂಪನ್ಮೂಲ ಕೇಂದ್ರದ ತಜ್ಞರ ವರದಿ ನೋಡಿ, ದಿನಕ್ಕೆ 5 ಲಕ್ಷ ಲೀಟರ್ ಎತ್ತಬಹುದು, ಪಂಚಾಯಿತಿ ಲೈಸೆನ್ಸ್ ಕೊಡಬೇಕು ಅಂದಿತು. ಪಂಚಾಯಿತಿ ಸುಪ್ರೀಂ ಕೋರ್ಟಿಗೆ ಹೋಯಿತು. ಸರ್ಕಾರವೂ ಹೋಯಿತು. ಅದೇ ವರ್ಷ ಚಿತ್ತೂರು ಬ್ಲಾಕನ್ನು ಅಂತರ್ಜಲದ ಅತಿಬಳಕೆಯ ಪ್ರದೇಶ ಅಂತ ಸರ್ಕಾರ ಅಧಿಸೂಚನೆ ಹೊರಡಿಸಿತು. ಅಲ್ಲಿಂದ ಮುಂದೆ ಯಾರು ಬೋರ್ ಕೊರೆಯಬೇಕಾದರೂ ಅನುಮತಿ ಬೇಕು. ಕಂಪನಿಗೆ ಮಾತ್ರ ಅಲ್ಲ, ರೈತನಿಗೂ. (ಕರ್ನಾಟಕದಲ್ಲೂ 2011ರ ಅಂತರ್ಜಲ ಕಾಯ್ದೆಯ ಪ್ರಕಾರ ಅಧಿಸೂಚಿತ ತಾಲ್ಲೂಕುಗಳಲ್ಲಿ ಇದೇ ನಿಯಮ ಇದೆ. ರಾತ್ರಿ ಹೊತ್ತು ಲಾರಿ ತರಿಸಿ ಕೊರೆಸುವವರಿಗೆ ಇದು ಗೊತ್ತಿದೆ, ಅದಕ್ಕೇ ರಾತ್ರಿ.)

ಕೇಸು ಹನ್ನೆರಡು ವರ್ಷ ನಡೆಯಿತು. ಅಷ್ಟೂ ವರ್ಷ ಫ್ಯಾಕ್ಟರಿಗೆ ಬೀಗ. ಕಂಪನಿ ಓಡಿಸಲಿಲ್ಲ, ಮಾರಲಿಲ್ಲ, ಬಿಟ್ಟೂ ಕೊಡಲಿಲ್ಲ. ಕಾಲೊನಿಯವರ ಬಾವಿ ನೀರು ಕುಡಿಯುವಂತಾಗಲಿಲ್ಲ. 2007ರ ಜನವರಿಯಲ್ಲಿ ಮಯಿಲಮ್ಮ ತೀರಿಕೊಂಡರು. ಫ್ಯಾಕ್ಟರಿ ಮುಚ್ಚಿದ್ದನ್ನು ನೋಡಿದರು, ಪರಿಹಾರ ನೋಡಲಿಲ್ಲ.

ಪರಿಹಾರದ ಲೆಕ್ಕವೂ ಒಂದು ಇತ್ತು. ಸರ್ಕಾರ ನೇಮಿಸಿದ ಉನ್ನತಾಧಿಕಾರ ಸಮಿತಿ, ಹಿರಿಯ ಅಧಿಕಾರಿ ಕೆ. ಜಯಕುಮಾರ್ ಅವರ ನೇತೃತ್ವದಲ್ಲಿ, 2010ರ ಮಾರ್ಚಿನಲ್ಲಿ ವರದಿ ಕೊಟ್ಟಿತು. ಒಟ್ಟು ನಷ್ಟ 216.26 ಕೋಟಿ ರೂಪಾಯಿ. ಅದರಲ್ಲಿ ಬೆಳೆ ನಷ್ಟವೇ ಸುಮಾರು 84 ಕೋಟಿ, ನೀರಿನ ಮೂಲಗಳು ಕೆಟ್ಟದ್ದಕ್ಕೆ 62 ಕೋಟಿ, ಆರೋಗ್ಯಕ್ಕೆ 30 ಕೋಟಿ, ಕುಡಿಯುವ ನೀರು ಒದಗಿಸಿದ ಖರ್ಚು 20 ಕೋಟಿ, ಕಳೆದುಹೋದ ಕೂಲಿ ಮತ್ತು ಅವಕಾಶಗಳಿಗೆ 20 ಕೋಟಿ. ಆ ಕೊನೆಯ ಬಾಬತ್ತನ್ನು ನಾನು ಎರಡು ಸಲ ಓದಿದೆ. ನೀರು ಹೊರುವುದಕ್ಕೆ ಹೋದ ಹೆಂಗಸರ ಹೊತ್ತಿಗೂ ಬೆಲೆ ಇದೆ ಅಂತ ಸರ್ಕಾರಿ ಸಮಿತಿಯೊಂದು ಲೆಕ್ಕ ಹಾಕಿದ್ದು ನನಗೆ ತಿಳಿದಂತೆ ಅಪರೂಪ.

ಆ ಹಣ ಕೊಡಿಸಲು ಒಂದು ವಿಶೇಷ ನ್ಯಾಯಮಂಡಳಿ ಮಾಡುವ ಮಸೂದೆಯನ್ನು ಕೇರಳ ವಿಧಾನಸಭೆ 2011ರ ಫೆಬ್ರುವರಿ 24ರಂದು ಪಾಸು ಮಾಡಿತು, ಒಮ್ಮತದಿಂದ. ರಾಷ್ಟ್ರಪತಿಗಳ ಅಂಕಿತಕ್ಕೆ ದೆಹಲಿಗೆ ಹೋಯಿತು. ಇಂಥ ವಿಷಯಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇರುವಾಗ ರಾಜ್ಯಕ್ಕೆ ಅಧಿಕಾರವಿಲ್ಲ ಅನ್ನುವ ವಾದ ಎದ್ದಿತು. ಫೈಲು ಅಲ್ಲಿಂದಿಲ್ಲಿಗೆ ಓಡಾಡಿ, ನಾಲ್ಕು ವರ್ಷಕ್ಕೂ ಹೆಚ್ಚು ಕಾದು, ಅಂಕಿತವಿಲ್ಲದೆ ವಾಪಸ್ ಬಂತು.

2017ರ ಜುಲೈನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಕಂಪನಿ, ಪ್ಲಾಚಿಮಡದಲ್ಲಿ ಮತ್ತೆ ಉತ್ಪಾದನೆ ಮಾಡುವ ಉದ್ದೇಶ ತನಗಿಲ್ಲ ಅಂದಿತು. ಹಾಗಾದರೆ ಕೇಸಿನ ಅಗತ್ಯವೇ ಇಲ್ಲ ಅಂತ ಕೋರ್ಟು ಮುಗಿಸಿತು. ನೆಲದಡಿಯ ನೀರು ಯಾರದ್ದು ಅನ್ನುವ ಪ್ರಶ್ನೆ ಹಾಗೇ ಉಳಿಯಿತು. ಹೈಕೋರ್ಟಿನ ಎರಡು ತೀರ್ಪು, ಎರಡು ಉತ್ತರ. ದೊಡ್ಡ ಕೋರ್ಟು ಯಾವುದು ಸರಿ ಅಂತ ಹೇಳಲೇ ಇಲ್ಲ.

ಹಳೆಯ ಪಾನೀಯ ಕಾರ್ಖಾನೆಗಳ ಗತಿ ಬೇರೆ ಕಡೆ ಏನಾಗಿದೆ ಅಂತ ಹುಡುಕಿದೆ. ಅಮೆರಿಕದ ಟೆಕ್ಸಾಸ್ ರಾಜ್ಯದ ವೇಕೋ ಎಂಬ ಊರಿನಲ್ಲಿ ಡಾಕ್ಟರ್ ಪೆಪ್ಪರ್ ಪಾನೀಯದ 1906ರ ಇಟ್ಟಿಗೆ ಕಟ್ಟಡ ಇದೆ. 1953ರ ಸುಂಟರಗಾಳಿಗೆ ಒಂದು ಕಡೆಯ ಗೋಡೆ ಬಿದ್ದಿತ್ತು, ಅದನ್ನು ಕಟ್ಟಿದ ಇಟ್ಟಿಗೆಯ ಗುರುತು ಇವತ್ತಿಗೂ ಕಾಣುತ್ತದಂತೆ. 1991ರಿಂದ ಅದು ಮ್ಯೂಸಿಯಂ. ಒಳಗಿನ ಹಳೆಯ ಬಾವಿಯನ್ನೂ ಜನ ಟಿಕೆಟ್ ಕೊಟ್ಟು ನೋಡುತ್ತಾರೆ.

ನಮ್ಮ ಮುಂಬೈನ ವರ್ಲಿಯದ್ದು ಇನ್ನೊಂದು ತರ. ಕ್ಯಾಂಪಾ ಕೋಲಾ ಮಾಡುತ್ತಿದ್ದ ಕಂಪನಿಗೆ ನಗರಪಾಲಿಕೆ ಗುತ್ತಿಗೆಗೆ ಕೊಟ್ಟಿದ್ದ ಜಾಗ. 1980ರ ದಶಕದಲ್ಲಿ ಅಲ್ಲಿ ಮನೆ ಕಟ್ಟಲು ಅನುಮತಿ ಸಿಕ್ಕಿತು. ಅನುಮತಿ ಇದ್ದದ್ದು ಐದಾರು ಮಹಡಿಗೆ, ಬಿಲ್ಡರುಗಳು ಎಬ್ಬಿಸಿದ್ದು ಒಂದರಲ್ಲಿ 20 ಮಹಡಿ. ಆ ಫ್ಲ್ಯಾಟುಗಳಲ್ಲಿ ಇದ್ದವರು ನೀರಿನ ಸಂಪರ್ಕ ಕೊಡಿ ಅಂತ ಕೋರ್ಟಿಗೆ ಹೋದರು. 2013ರಲ್ಲಿ ಸುಪ್ರೀಂ ಕೋರ್ಟು ಮೇಲಿನ ಮಹಡಿಗಳೆಲ್ಲ ಅಕ್ರಮ ಅಂದಿತು. ಗೇಟಿಗೆ ಜೆಸಿಬಿ ಬಂತು, ಹೆಂಗಸರು ಮಕ್ಕಳು ಅಡ್ಡ ನಿಂತರು, ಟಿವಿಯಲ್ಲಿ ದಿನವಿಡೀ ಅದೇ. ಆ ಮಧ್ಯಮ ವರ್ಗದವರ ಸಂಕಟಕ್ಕೆ ಸಿಕ್ಕ ಕ್ಯಾಮೆರಾಗಳಲ್ಲಿ ಕಾಲು ಭಾಗ ಪ್ಲಾಚಿಮಡದ ಚಪ್ಪರಕ್ಕೆ ಸಿಕ್ಕಿದ್ದರೆ ಅಂತ ಒಂದು ಕ್ಷಣ ಅನ್ನಿಸಿತು. ಇರಲಿ.

ಪ್ಲಾಚಿಮಡದ ಕಟ್ಟಡಕ್ಕೆ ಮತ್ತೆ ಜೀವ ಬಂದದ್ದು ಕೊರೋನಾದಿಂದ. 2021ರ ಎರಡನೇ ಅಲೆಯಲ್ಲಿ ಹಾಸಿಗೆಗಾಗಿ ಎಲ್ಲೆಲ್ಲೂ ಪರದಾಟ. ಪಾಲಕ್ಕಾಡ್ ಜಿಲ್ಲೆಯಲ್ಲೂ. ಗೋದಾಮಿನಂಥ ದೊಡ್ಡ ಶೆಡ್ಡು, ಗಟ್ಟಿ ನೆಲ, ಸುತ್ತ ಖಾಲಿ ಜಾಗ, ಲಾರಿ ಬರುವ ರಸ್ತೆ ಇರುವ ಕಟ್ಟಡ ಅಲ್ಲಿ ಬೀಗ ಹಾಕಿ ನಿಂತಿತ್ತು. ಕಂಪನಿ ಒಪ್ಪಿತು. ಸುಮಾರು ಐದು ವಾರದಲ್ಲಿ 550 ಹಾಸಿಗೆಯ ಕೋವಿಡ್ ಚಿಕಿತ್ಸಾ ಕೇಂದ್ರ ತಯಾರಾಯಿತು. ಆಕ್ಸಿಜನ್ ಹಾಸಿಗೆ, ತೀವ್ರ ನಿಗಾ ಹಾಸಿಗೆ ಎಲ್ಲ ಇತ್ತು. ಜೂನಿನಲ್ಲಿ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಉದ್ಘಾಟಿಸಿದರು. ಹದಿನೇಳು ವರ್ಷ ಯಾರಿಗೂ ತೆರೆಯದ ಗೇಟಿನೊಳಗೆ ಆಂಬುಲೆನ್ಸ್ ಹೋಯಿತು.

ಊರಿನವರಲ್ಲಿ ಕೆಲವರಿಗೆ ಇದು ಸರಿ ಬರಲಿಲ್ಲ. ಕಾಯಿಲೆಯವರಿಗೆ ಜಾಗ ಸಿಗುವುದು ಬೇಡ ಅಂತಲ್ಲ. ಪರಿಹಾರದ 216 ಕೋಟಿ ಬಾಕಿ ಇಟ್ಟುಕೊಂಡವರು ಈಗ ದಾನಿಗಳ ಹೆಸರು ಪಡೆಯುತ್ತಿದ್ದಾರಲ್ಲ ಅನ್ನುವ ಸಿಟ್ಟು. ನನಗೆ ಎರಡೂ ಅರ್ಥವಾಗುತ್ತದೆ. ಆ ವರ್ಷ ಮೇ ತಿಂಗಳಲ್ಲಿ ನಾನೂ ಒಂದು ಆಕ್ಸಿಜನ್ ಹಾಸಿಗೆಗೆ ಮೂರು ತಾಲ್ಲೂಕು ಸುತ್ತಿದ್ದೇನೆ. ಆಗ ಯಾರ ಕಟ್ಟಡ ಅಂತ ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

2023ರಲ್ಲಿ ಇನ್ನೊಂದು ತಿರುವು. ಸುಮಾರು 35 ಎಕರೆ ಜಾಗ ಮತ್ತು ಕಟ್ಟಡವನ್ನು ಸರ್ಕಾರಕ್ಕೇ ಬಿಟ್ಟುಕೊಡುತ್ತೇವೆ ಅಂತ ಕಂಪನಿ ಮುಖ್ಯಮಂತ್ರಿಗೆ ಪತ್ರ ಬರೆಯಿತು. ಅಲ್ಲಿ ರೈತರಿಗಾಗಿ ಮಾದರಿ ತೋಟದ ಯೋಜನೆ ಮಾಡಲು ನೆರವಾಗುತ್ತೇವೆ ಅಂತಲೂ ಹೇಳಿತು. ಹೊಲ ಇದ್ದ ಜಾಗ ಫ್ಯಾಕ್ಟರಿಯಾಗಿ, ಆಸ್ಪತ್ರೆಯಾಗಿ, ಮತ್ತೆ ಹೊಲ. ಸರ್ಕಾರಕ್ಕೆ ಇದು ಒಳ್ಳೆಯ ಸುದ್ದಿ. ಹೋರಾಟ ಸಮಿತಿಯವರ ಪ್ರಶ್ನೆ ಬೇರೆ: ಜಾಗ ಕೊಟ್ಟರೆ ಪರಿಹಾರ ಚುಕ್ತಾ ಅಂತ ಆಗಿಬಿಡುತ್ತದೆಯೇ? ಕೊಡುವ ಜಾಗ ಸರ್ಕಾರಕ್ಕೆ ಹೋಗುತ್ತದೆ, ಬಾವಿ ಕೆಟ್ಟದ್ದು ಕಾಲೊನಿಯವರದ್ದು. ಜಾಗವನ್ನು ಮುಟ್ಟುಗೋಲು ಹಾಕಿ, ಅದರಿಂದ ಸಂತ್ರಸ್ತರಿಗೆ ಹಣ ಕೊಡಿ ಅಂತ ಅವರು ಮೊದಲಿಂದ ಕೇಳುತ್ತಿದ್ದರು.

ನನ್ನ ಅಭಿಪ್ರಾಯ ಕೇಳಿದರೆ, ಆ ಸಂಶಯ ಸರಿಯಾದದ್ದೇ. ಕೆಸರು ಬಿದ್ದ ನೆಲದಲ್ಲಿ ತೋಟ ಮಾಡುವ ಮೊದಲು ಆ ಮಣ್ಣು ಪರೀಕ್ಷೆಯಾಗಬೇಕು, ಫಲಿತಾಂಶವನ್ನು ಪಂಚಾಯಿತಿ ಬೋರ್ಡಿಗೆ ಅಂಟಿಸಬೇಕು. ತೋಟದ ಮಾಲೀಕತ್ವದಲ್ಲಿ ಕಾಲೊನಿಯ ಹೆಂಗಸರಿಗೆ ಪಾಲಿರಬೇಕು. ಇಲ್ಲವಾದರೆ ನೀರು ಕಳೆದುಕೊಂಡವರೇ ಆ ತೋಟಕ್ಕೂ ಕೂಲಿಗೆ ಹೋಗುತ್ತಾರೆ.

ಇಷ್ಟೆಲ್ಲ ಆದರೂ ಪಾಲಕ್ಕಾಡಿಗೆ ನೀರು ಬೇಡುವ ಕಾರ್ಖಾನೆಗಳು ಬರುವುದು ನಿಂತಿಲ್ಲ. 2025ರ ಜನವರಿಯಲ್ಲಿ ಅದೇ ಜಿಲ್ಲೆಯ ಎಲಪ್ಪುಳ್ಳಿಯಲ್ಲಿ ಎಥನಾಲ್, ಮದ್ಯ ತಯಾರಿಸುವ ದೊಡ್ಡ ಘಟಕಕ್ಕೆ ಕೇರಳ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಜನ ವಿರೋಧಿಸಿದರು. ಅವರ ಬಾಯಲ್ಲಿ ಬಂದ ಮೊದಲ ಹೆಸರು ಪ್ಲಾಚಿಮಡ.

ನಮ್ಮ ಗ್ರಾಮಸಭೆಗೆ ವಾಪಸ್ ಬರುತ್ತೇನೆ. ಆ ದಿನ ನಿರಾಕ್ಷೇಪಣಾ ಪತ್ರದ ವಿಷಯ ತೀರ್ಮಾನವಾಗಲಿಲ್ಲ, ಮುಂದಿನ ಸಭೆಗೆ ಹೋಯಿತು. ಆಮೇಲೆ ನಾನು ಆ ಅಜ್ಜಿಯ ಮನೆಗೆ ಹೋಗಿ, ನೀವು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತು ಅಂತ ಈ ಕತೆಯನ್ನೆಲ್ಲ ಹೇಳಿದೆ. ಬೀಗ, ಕೋರ್ಟು, ಆಸ್ಪತ್ರೆ, ತೋಟ. ಪೂರ್ತಿ ಕೇಳಿದರು. ಕೊನೆಗೆ ಕೇಳಿದ್ದು, 'ಬಾವಿ ನೀರಲ್ಲಿ ಈಗ ಬೇಳೆ ಬೇಯ್ತದಾ?'

ಮುಂದಿನ ಸಭೆಗೆ ಮೊದಲು ಊರಿನ ಎಲ್ಲ ಬೋರ್‌ವೆಲ್‌ಗಳ ಆಳ, ಕೊರೆಸಿದ ವರ್ಷ, ಈಗಿನ ನೀರಿನ ಮಟ್ಟ ಬರೆದ ಒಂದು ಪಟ್ಟಿ ಬೇಕು ಅಂತ ಮೂವರು ಸದಸ್ಯರು ಪಿಡಿಒಗೆ ಬರೆದು ಕೊಟ್ಟಿದ್ದಾರೆ. ಕಾಲೇಜಿಗೆ ಹೋಗುವ ನಾಲ್ಕು ಹುಡುಗರು ಮನೆಮನೆ ಸುತ್ತಿ ಬರೆಯಲು ಶುರು ಮಾಡಿದ್ದಾರೆ. ಹೋದ ಭಾನುವಾರದ ತನಕ 61 ಬೋರ್ ಆಗಿದೆ. ಅದರಲ್ಲಿ 23 ಒಣಗಿವೆ.